ಮಂಠಾಳದ ಬಿಸಿಲೂ ಟ್ಯೂಬಿನ ಮೇಲಿನ ಅಂಕೆಯೂ

ಬಸವಕಲ್ಯಾಣದ ನೆರೆಯ ಮಂಠಾಳದಲ್ಲಿ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಎರಡನೆಯ ವಾರದಲ್ಲೊಮ್ಮೆ, ಜುಲೈ ಮುಗಿದು ಆಗಸ್ಟ್ ಮೊದಲಾಗುವ ಹೊತ್ತಿಗೆ ಮತ್ತೊಮ್ಮೆ, ಸೂರ್ಯನು ನೆತ್ತಿಯ ನೇರಕ್ಕೆ ಬರಲು, ಅಂಗಳದಲ್ಲಿ ನೆಟ್ಟ ಗೂಟದ ನೆರಳು ಅದರ ಬುಡದಲ್ಲಿಯೇ ಅಡಗಿಹೋಗುತ್ತದೆ. ಇದು ನಡೆಯುವುದು ಗಡಿಯಾರದ 12 ಗಂಟೆಗಲ್ಲ, ಮೇ ತಿಂಗಳಲ್ಲಿ 12 ಗಂಟೆ 20 ನಿಮಿಷದ ಸುಮಾರಿಗೆ, ಎರಡನೆಯ ಸಲ 12 ಗಂಟೆ 30 ನಿಮಿಷದ ಸುಮಾರಿಗೆ. ಮೇ ತಿಂಗಳ ಆ ದಿನಕ್ಕೆ ಜನರು ಅಂಜಿ ಮನೆ ಸೇರುವರು. ಎರಡನೆಯದು ಮಳೆಗಾಲದ ಮೋಡಗಳ ಮರೆಯಲ್ಲಿ ಬರುವುದರಿಂದ, ತೊಗರಿ ಸೋಯಾಗಳ ಹೊಲದಲ್ಲಿ ಕಳೆ ತೆಗೆಯುತ್ತ ಬಾಗಿದವರ ಗಮನಕ್ಕೂ ಬಾರದೆ ಕಳೆದುಹೋಗುವುದು. ಆದರೆ ತ್ವಚೆಯನ್ನು ಸುಡುವುದು ಸೆಕೆಯಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ತೆಳುಮೋಡವು ಸೆಕೆಯನ್ನು ತಗ್ಗಿಸಿದಷ್ಟು ಈ ಕಿರಣವನ್ನು ತಗ್ಗಿಸಲಾರದು.

ಈ ಕಿರಣಕ್ಕೆ ಪ್ರತಿಯಾಗಿ ಔಷಧದಂಗಡಿಗಳಲ್ಲಿ ದೊರೆಯುವ ಸನ್‌ಸ್ಕ್ರೀನ್ ಎಂಬ ಲೇಪದ ಮೇಲೆ ಎಸ್‌ಪಿಎಫ್ 30, 50 ಎಂಬ ಅಂಕೆಗಳು ಮುದ್ರಿತವಾಗಿರುತ್ತವೆ. ಅದು ಗಂಟೆಗಳ ಲೆಕ್ಕವೆಂದು ತಿಳಿದವರು ಹಲವರು. ವಾಸ್ತವವಾಗಿ, ಚರ್ಮವನ್ನು ಕೆಂಪೇರಿಸುವ ಕಿರಣದ 30 ಪಾಲಿನಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುವುದೆಂಬುದೇ 30ರ ಅರ್ಥ. 15 ಎಂಬುದು ಶೇಕಡ 93ರಷ್ಟನ್ನು ತಡೆದರೆ 30 ಎಂಬುದು 97ರಷ್ಟನ್ನೂ 50 ಎಂಬುದು 98ರಷ್ಟನ್ನೂ ತಡೆಯುವುವು. ಹೀಗಿರಲು 30 ಮತ್ತು 50ರ ಅಂತರ ಬೆಲೆಯಲ್ಲಿ ಕಂಡಷ್ಟು ಗುಣದಲ್ಲಿ ಕಾಣದು.

ಆದರೆ ಈ ಅಂಕೆಯ ಹಿಂದೆ ಒಂದು ಕರಾರುಂಟು. ಪ್ರಯೋಗಶಾಲೆಯಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಮ್ ಲೇಪವನ್ನು ಬಳಿದು ಅಳೆದ ಅಂಕೆ ಅದು. ದಿನಬಳಕೆಯಲ್ಲಿ ಜನರು ಹಚ್ಚಿಕೊಳ್ಳುವುದು ಅದರ ಕಾಲುಭಾಗದಿಂದ ಅರ್ಧಭಾಗ. ಬಸವಕಲ್ಯಾಣದ ಬಸ್ಸಿಗೆ ಕಾಯುತ್ತ ನಿಂತ ಕಾಲೇಜಿನ ಹುಡುಗಿಯೊಬ್ಬಳು ಬೆರಳ ತುದಿಗೆ ತೊಗರಿಕಾಳಿನಷ್ಟು ಲೇಪ ತೆಗೆದು, ಎರಡು ಕೆನ್ನೆಗೂ ಹಣೆಗೂ ಚುಕ್ಕೆಯಿಟ್ಟು, ಬಸ್ಸು ಬರುವಷ್ಟರಲ್ಲಿ ಕಾಣದಂತೆ ಉಜ್ಜಿ ಮುಗಿಸಿದ್ದನ್ನು ನೋಡಿದ್ದೇನೆ; ಕಿವಿ, ಕತ್ತುಗಳಿಗೆ ಏನೂ ಸಲ್ಲಲಿಲ್ಲ. ಮುಖ, ಕಿವಿ, ಕತ್ತುಗಳಿಗೆ ಬೇಕಾದುದು ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಗಳಷ್ಟು, ಅಂದರೆ ಒಂದು ಗ್ರಾಮಿಗೆ ತುಸು ಹೆಚ್ಚು. ದಿನಕ್ಕೆ ಎರಡಾವರ್ತಿ ಹೀಗೆ ಹಚ್ಚಿದರೆ 50 ಗ್ರಾಮಿನ ಟ್ಯೂಬು ಮೂರು ವಾರಕ್ಕೆ ಬರಿದಾಗಬೇಕು. ಅದೇ ಟ್ಯೂಬು ನಾಲ್ಕು ತಿಂಗಳು ಬಂತೆಂದು ಹಿಗ್ಗುವವರ ಮುಖದ ಮೇಲೆ 30 ಎಂಬ ಅಂಕೆ ಅರ್ಧವಾಗಿಯೂ ಉಳಿದಿರಲಾರದು. ಬೆವರು ಒರೆಸಿದರಂತೂ ಅದೂ ಇಲ್ಲ. ಬಿಸಿಲಿನಲ್ಲಿರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚತಕ್ಕದ್ದು.

ಹಾಗೆಂದು ಲೇಪವೇ ನಿಷ್ಪ್ರಯೋಜಕವೆಂದು ಬಗೆಯಲಾಗದು. ಆಸ್ಟ್ರೇಲಿಯದ ನ್ಯಾಂಬೂರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 1,621 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಪ್ರತಿದಿನವೂ ಲೇಪ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಅರ್ಬುದಗಳು ಸುಮಾರು ಶೇಕಡ 40ರಷ್ಟು ಕಡಿಮೆಯಾದುವು. ಮತ್ತೊಂದು ಬಗೆಯಲ್ಲಿ ಭೇದವೇ ಕಾಣಲಿಲ್ಲ. ಆದರೆ ಅದು ಬಿಳಿಯ ಮೈಬಣ್ಣದವರೇ ಹೆಚ್ಚಿರುವ ನಾಡು. ಶ್ಯಾಮಲವರ್ಣದ ನಮ್ಮಲ್ಲಿ ಆ ರೋಗ ವಿರಳ. ನಮ್ಮನ್ನು ಕಾಡುವುದು ಕೆನ್ನೆಯ ಮೇಲಿನ ಬಂಗು. ಅದನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುವುದರಿಂದ, ಬಣ್ಣವಿಲ್ಲದ ಲೇಪಕ್ಕಿಂತ ಕಬ್ಬಿಣದ ಆಕ್ಸೈಡ್ ಬೆರೆತ ಮೈಬಣ್ಣದ ಲೇಪವೇ ಅದಕ್ಕೆ ಮೇಲು.

ಹೊಲದ ಹೆಂಗಸರಾದರೋ ಈ ಅಂಕೆಗಳ ಗೊಡವೆಯಿಲ್ಲದೆ, ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ದುಡಿಯುವರು. ಅಂಥ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರೆ ಮಣಿಕಟ್ಟಿನ ಬಳಿ ಒಂದು ಗೆರೆ. ಗೆರೆಯ ಮೇಲಿನ ತ್ವಚೆ ತಿಳಿ, ಕೆಳಗಿನ ಅಂಗೈಬೆನ್ನು ಎರಡು ಬಣ್ಣ ಕಪ್ಪು. ಬಟ್ಟೆಯು ಬೆವರಿಗೆ ಕರಗದು, ಎರಡು ಗಂಟೆಗೊಮ್ಮೆ ಮತ್ತೆ ಬಳಿಯಬೇಕಿಲ್ಲ. ಒತ್ತಾದ ನೇಯ್ಗೆಯದು, ಬಣ್ಣದ್ದು ಉತ್ತಮ. ತೆಳುವಾದ ಬಿಳಿಯ ಹತ್ತಿಬಟ್ಟೆ, ಅದರಲ್ಲಿಯೂ ನೆನೆದದ್ದು, ಕಿರಣವನ್ನು ಸಾಕಷ್ಟು ಒಳಬಿಡುತ್ತದೆ. ಗಂಡಸರ ರುಮಾಲು ನೆತ್ತಿಯನ್ನು ಕಾಯುವುದೇ ಹೊರತು ಮೂಗನ್ನು ಕಾಯದು, ಬಾಗಿ ದುಡಿಯುವವನ ಹೆಗ್ಗತ್ತನ್ನಂತೂ ಕಾಯುವುದೇ ಇಲ್ಲ.

ಆದುದರಿಂದ ಹೊಲಕ್ಕೆ ಹೋಗುವವರು ಕೈಯಲ್ಲಿರುವ ಹಣದಿಂದ ಮೊದಲು ತುಂಬುತೋಳಿನ ಒತ್ತುಬಟ್ಟೆಯ ಅಂಗಿಯನ್ನೂ ಅಗಲ ಅಂಚಿನ ಟೋಪಿಯನ್ನೂ ಕೊಳ್ಳಲಿ; ಉಳಿದ ಹಣಕ್ಕೆ ಟ್ಯೂಬು ಬಂದರೆ ಅದನ್ನು ಬಟ್ಟೆ ಮುಚ್ಚದ ಮೂಗು, ಕೆನ್ನೆ, ಕಿವಿ, ಅಂಗೈಬೆನ್ನುಗಳಿಗೆ ಜಿಪುಣತನವಿಲ್ಲದೆ ಹಚ್ಚಿಕೊಳ್ಳಲಿ.