ಹಸಿರು ಪೊಟ್ಟಣಕ್ಕೆ ಮರುಳಾಗಬೇಡಿ, ಲೆಕ್ಕ ಕೇಳಿ

2019ರ ಆಗಸ್ಟ್‌ನಲ್ಲಿ ವೇದಗಂಗಾ ಉಕ್ಕಿ, ನಿಪ್ಪಾಣಿ ಪಕ್ಕದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಮುಳುಗಿತು. 2021ರ ಜುಲೈನಲ್ಲಿ ಮತ್ತೆ ಅದೇ ಕಥೆ. ಕೃಷ್ಣಾ, ದೂಧಗಂಗಾ ತೀರದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಎಷ್ಟೋ ಹಳ್ಳಿಗಳ ಜನ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಗಬೇಕಾಯಿತು. ಒಂದು ಮಹಾಪೂರಕ್ಕೆ ಕಾರಣಗಳು ಹಲವು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಮಳೆ ಸುರಿದಾಗ ಜೋರಾಗಿಯೇ ಸುರಿಯುತ್ತದೆ. ಇದನ್ನು ಕಂಡುಂಡ ಜನ ಈಗ ಪೇಟೆಗೆ ಹೋದಾಗ, ಹವಾಮಾನದ ಬಗ್ಗೆ ಕಾಳಜಿ ಇರುವ ಕಂಪನಿಯ ಸರಕನ್ನೇ ಕೊಳ್ಳೋಣ ಎಂದು ಬಯಸುವುದು ಸಹಜ. ಆ ಒಳ್ಳೆಯ ಮನಸ್ಸು ದಾರಿ ತಪ್ಪಬಾರದು. ಅದಕ್ಕಾಗಿ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಪೊಟ್ಟಣದ ಮೇಲೆ ಎಲೆಯ ಚಿತ್ರವಿದ್ದು, ‘ಪರಿಸರಸ್ನೇಹಿ’ ಎಂದು ಬರೆದಿದ್ದರೆ ನಂಬಬಹುದು.

ಸತ್ಯ: ಬಣ್ಣವೂ ಚಿತ್ರವೂ ಪುರಾವೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇಂಥ ಹುಸಿ ಹಸಿರು ಜಾಹೀರಾತುಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ‘ಪರಿಸರಸ್ನೇಹಿ’, ‘ಹಸಿರು’ ಎನ್ನುವವರು ಅದಕ್ಕೆ ತಕ್ಕ ಆಧಾರ ಕೊಡಬೇಕು. ಆ ಮಾತು ಇಡೀ ಸರಕಿಗೆ ಸಲ್ಲುತ್ತದೋ, ಬರೀ ಡಬ್ಬಿಗೋ ಎಂದು ಸ್ಪಷ್ಟಪಡಿಸಬೇಕು. ಮುಂದಿನ ಇಂತಿಷ್ಟು ವರ್ಷಗಳಲ್ಲಿ ಹೀಗೆ ಮಾಡುತ್ತೇವೆ ಎಂದು ಹೇಳಿಕೊಳ್ಳುವವರ ಬಳಿ ಅದನ್ನು ಸಾಧಿಸುವ ಯೋಜನೆಯೂ ಇರಬೇಕು. ಮೋಸ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಕಾರ್ಖಾನೆಗೆ ಕಬ್ಬು ಸಾಗಿಸುವ ನಮ್ಮ ರೈತ ಅಲ್ಲಿನ ಕಾಟಾದ ಮೇಲೆ ಅನುಮಾನ ಬಂದರೆ ಹೊರಗಿನ ಕಾಟಾದಲ್ಲಿ ತೂಗಿಸಿ ನೋಡುತ್ತಾನೆ. ಕಂಪನಿಯ ಮಾತನ್ನೂ ಹಾಗೆಯೇ ತೂಗಿ ನೋಡಬೇಕು.

ತಪ್ಪು ಕಲ್ಪನೆ 2: ದೊಡ್ಡ ಕಂಪನಿಗಳ ಒಳಗಿನ ಲೆಕ್ಕ ಸಾಮಾನ್ಯರ ಕೈಗೆ ಸಿಗುವುದಿಲ್ಲ.

ಸತ್ಯ: ಸಿಗುತ್ತದೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿದೆ. ವಾರ್ಷಿಕ ವರದಿಯ ಜೊತೆ ಅದು ಕಂಪನಿಯ ಜಾಲತಾಣದಲ್ಲೇ ಇರುತ್ತದೆ. ಅದರಲ್ಲಿ ‘ಸ್ಕೋಪ್ 1’ ಎಂದರೆ ಕಂಪನಿ ತಾನೇ ಸುಟ್ಟ ಇಂಧನದ ಹೊಗೆ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳು. ‘ಸ್ಕೋಪ್ 2’ ಎಂದರೆ ಕೊಂಡ ವಿದ್ಯುತ್ತಿನ ಹಿಂದಿನ ಹೊಗೆ. ‘ಸ್ಕೋಪ್ 3’ ಎಂದರೆ ಕಚ್ಚಾವಸ್ತು ಬೆಳೆಯುವಲ್ಲಿಂದ ಹಿಡಿದು ನಾವು ಸರಕು ಬಳಸಿ ಬಿಸಾಡುವ ತನಕದ್ದು. ಎಷ್ಟೋ ಸರಕುಗಳಲ್ಲಿ ಈ ಮೂರನೆಯದೇ ದೊಡ್ಡ ಪಾಲು. ಅದನ್ನೂ ತೋರಿಸುವ ಕಂಪನಿ ಹೆಚ್ಚು ಪ್ರಾಮಾಣಿಕ ಎನ್ನಬಹುದು.

ಇನ್ನೊಂದು ಎಚ್ಚರ. ‘ಪ್ರತಿ ರೂಪಾಯಿ ವಹಿವಾಟಿಗೆ ಹೊಗೆ ಇಳಿಸಿದ್ದೇವೆ’ ಎಂಬ ಸಾಲು ಓದಿ ಸಮಾಧಾನಪಡಬೇಡಿ. ವಹಿವಾಟು ಬೆಳೆದಂತೆ ಒಟ್ಟು ಹೊಗೆ ಏರಿರಲೂಬಹುದು. ಕಳೆದ ವರ್ಷದ ಒಟ್ಟು ಅಂಕಿ ಮತ್ತು ಈ ವರ್ಷದ ಒಟ್ಟು ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ.

ತಪ್ಪು ಕಲ್ಪನೆ 3: ಎಥನಾಲ್ ತಯಾರಿಸುವ ಸಕ್ಕರೆ ಕಾರ್ಖಾನೆ ಪೂರ್ತಿ ಹಸಿರು.

ಸತ್ಯ: ಅರ್ಧ ನಿಜ. ಉಗಾರ, ಅಥಣಿ, ಚಿಕ್ಕೋಡಿ, ನಿಪ್ಪಾಣಿ ಎಂದು ಕಬ್ಬು ನುರಿಸುವ ಕಾರ್ಖಾನೆಗಳು ದಟ್ಟವಾಗಿರುವ ಸೀಮೆ ನಮ್ಮದು. ಹಾಗಾಗಿ ಈ ಪ್ರಶ್ನೆ ನಮಗೆ ಹತ್ತಿರದ್ದು. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಸುಟ್ಟು ವಿದ್ಯುತ್ ತಯಾರಿಸಿದರೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಆ ಸಿಪ್ಪೆಯಲ್ಲಿರುವ ಇಂಗಾಲ ಬೆಳೆ ಗಾಳಿಯಿಂದಲೇ ಎಳೆದುಕೊಂಡದ್ದು. ಎಥನಾಲ್ ಬೆರೆಸಿದಷ್ಟೂ ಪೆಟ್ರೋಲು ಉಳಿಯುತ್ತದೆ. ಇವು ನಿಜವಾದ ಲಾಭಗಳು.

ಆದರೆ ಲೆಕ್ಕ ಹೊಲದಿಂದ ಶುರುವಾಗಬೇಕು. ಯೂರಿಯಾ ಹೆಚ್ಚಾಗಿ ಸುರಿದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ವರ್ಷವಿಡೀ ನೀರೆತ್ತುವ ಪಂಪಿಗೆ ವಿದ್ಯುತ್ ಬೇಕು. ಕಟಾವಿನ ನಂತರ ಉಳಿದ ಒಣ ಎಲೆಗೆ, ಅಂದರೆ ರವದಿಗೆ ಬೆಂಕಿ ಇಟ್ಟರೆ ಮಣ್ಣಿನ ಸತ್ವವೂ ಹೋಯಿತು, ಹೊಗೆಯೂ ಎದ್ದಿತು. ರವದಿಯನ್ನು ಸುಡದೆ ಹೊದಿಕೆ ಮಾಡುವ ರೈತರಿಗೆ, ಹನಿ ನೀರಾವರಿಗೆ ಕಾರ್ಖಾನೆ ಏನು ನೆರವು ಕೊಡುತ್ತದೆ? ನಮ್ಮ ಸಹಕಾರಿ ಕಾರ್ಖಾನೆಗಳಲ್ಲಿ ಕಬ್ಬು ಬೆಳೆಗಾರರೇ ಸದಸ್ಯರು. ಈ ಪ್ರಶ್ನೆಯನ್ನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಅವರಿಗಿದೆ.

ತಪ್ಪು ಕಲ್ಪನೆ 4: ಹತ್ತಿರದ್ದೆಲ್ಲ ಒಳ್ಳೆಯದು, ದೂರದಿಂದ ಬಂದದ್ದೆಲ್ಲ ಕೆಟ್ಟದ್ದು.

ಸತ್ಯ: ಆಹಾರದ ವಿಷಯದಲ್ಲಿ ಸಾಗಾಟದ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. 2018ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಪ್ರಕಾರ ಆಹಾರದಿಂದ ಹೊಮ್ಮುವ ಒಟ್ಟು ಹೊಗೆಯಲ್ಲಿ ಸಾಗಾಟದ್ದು ಶೇ. 6ರ ಆಸುಪಾಸು. ಏನು ಬೆಳೆದರು, ಹೇಗೆ ಬೆಳೆದರು ಎಂಬುದೇ ಮುಖ್ಯ.

ಹಾಗೆಂದು ಸ್ಥಳೀಯ ಸರಕಿಗೆ ಬೆಲೆ ಇಲ್ಲವೆಂದಲ್ಲ. ಅದರ ಕಾರಣ ಬೇರೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿದಷ್ಟೇ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿ ಭಾಗದ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮವನ್ನು ಕೈಯಿಂದಲೇ ಹೊಲಿಯುತ್ತಾರೆ. ಚರ್ಮ ದನದಿಂದ ಬಂದದ್ದಾದ್ದರಿಂದ ಅದಕ್ಕೂ ಅದರದೇ ಹವಾಮಾನದ ಹೊರೆ ಇದೆ. ಆದರೆ ಆ ಚಪ್ಪಲಿ ವರ್ಷಗಟ್ಟಲೆ ಬಾಳುತ್ತದೆ, ಹರಿದರೆ ಹೊಲಿಸಬಹುದು. ಬಾಳಿಕೆ ಮತ್ತು ದುರಸ್ತಿ ಅದರ ನಿಜವಾದ ಹಸಿರು ಗುಣ.

ತಪ್ಪು ಕಲ್ಪನೆ 5: ಹೊಸ ಬಟ್ಟೆ ಚೀಲ ಕೊಂಡರೆ ಕೆಲಸ ಮುಗಿಯಿತು.

ಸತ್ಯ: ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಸಮವಾಗಲು ಹೊಸ ಹತ್ತಿ ಚೀಲವನ್ನು 131 ಸಲ ಬಳಸಬೇಕು ಎಂದು ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿತ್ತು. ಇದು ಬರೀ ಹವಾಮಾನದ ಲೆಕ್ಕ. ಗಟಾರ ಕಟ್ಟುವ, ದನದ ಹೊಟ್ಟೆ ಸೇರುವ ಪ್ಲಾಸ್ಟಿಕ್ಕಿನ ಕೇಡು ಬೇರೆಯೇ ಇದೆ. ಆದ್ದರಿಂದ ಹಳೆಯ ಸೀರೆಯಲ್ಲಿ ಹೊಲಿದ ಕೈಚೀಲವೇ ಉತ್ತಮ. ಅಂಗಡಿಗೊಂದು ಹೊಸ ಚೀಲ ಕೂಡಿಸಿಕೊಳ್ಳುವುದರಲ್ಲಿ ಉಳಿತಾಯವಿಲ್ಲ.

ತಪ್ಪು ಕಲ್ಪನೆ 6: ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ಬಿಲ್ಲು ಸೊನ್ನೆ, ಯಾವ ಫ್ಯಾನು ಕೊಂಡರೇನು?

ಸತ್ಯ: ಬಿಲ್ಲು ಸೊನ್ನೆಯಾದರೂ ಉರಿದ ಕಲ್ಲಿದ್ದಲು ಸೊನ್ನೆಯಲ್ಲ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಹಳೆಯ ಫ್ಯಾನಿಗೆ 75 ವ್ಯಾಟ್ ಬೇಕಾದರೆ ಹೊಸ ಬಗೆಯ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆಯಂತೆ 300 ದಿನ ತಿರುಗಿದರೆ ಒಂದೇ ಫ್ಯಾನಿನಲ್ಲಿ 162 ಯೂನಿಟ್, ಅಂದರೆ 110 ಕೆ.ಜಿ.ಗೂ ಹೆಚ್ಚು ಹೊಗೆ ಉಳಿಯುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ವಿದ್ಯುತ್ ಉಳಿತಾಯ ತೋರಿಸುವ ಸ್ಟಾರ್ ಚೀಟಿ ಕಡ್ಡಾಯ. ಸ್ಟಾರ್ ಎಷ್ಟು ಎಂಬುದರ ಜೊತೆ ಚೀಟಿ ಯಾವ ವರ್ಷದ್ದು ಎಂಬುದನ್ನೂ ನೋಡಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ 5 ಸ್ಟಾರ್ ಇಂದಿನ 5 ಸ್ಟಾರ್‌ಗೆ ಸಮವಲ್ಲ.

ತಪ್ಪು ಕಲ್ಪನೆ 7: ಒಬ್ಬ ಗಿರಾಕಿ ಕೇಳಿದರೆ ಕಂಪನಿ ಬದಲಾಗುತ್ತದೆಯೇ?

ಸತ್ಯ: ಒಬ್ಬನ ಮಾತಿನ ತೂಕ ಕಡಿಮೆ, ಹಲವರು ಕೂಡಿದರೆ ಹಾಗಲ್ಲ. ಇದನ್ನು ನಿಪ್ಪಾಣಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯದ ದರಕ್ಕಾಗಿ ಇದೇ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತು ಇಡೀ ದೇಶದ ಗಮನ ಸೆಳೆದರು. ತಂಬಾಕು ವಖಾರಿಗಳಲ್ಲಿ ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. ಅವರ ಹೋರಾಟ ಇನ್ನೊಂದನ್ನೂ ನೆನಪಿಸಬೇಕು: ಹೊಗೆ ಇಳಿಸಿದ ಕಂಪನಿ ಕೂಲಿಯನ್ನೂ ಸರಿಯಾಗಿ ಕೊಡುತ್ತದೆ ಎಂದೇನಿಲ್ಲ. ಎರಡನ್ನೂ ಕೇಳಬೇಕು.

ಕೂಡಿ ಕೇಳುವ ಈ ಬಲ ನಮ್ಮ ಸಂಸ್ಥೆಗಳಿಗೂ ಇದೆ. ಪತ್ತಿನ ಸಂಘ, ಶಾಲೆ, ಮಂಗಲ ಕಾರ್ಯಾಲಯಗಳು ಒಮ್ಮೆಗೆ ಹತ್ತಾರು ಫ್ಯಾನು, ದೀಪ, ಪಂಪು ಕೊಳ್ಳುತ್ತವೆ. ಕೊಳ್ಳುವ ಮುನ್ನ ಆಡಳಿತ ಮಂಡಳಿ ಮೂರು ಪ್ರಶ್ನೆ ಕೇಳಲಿ. ಇದು ನಿಜಕ್ಕೂ ಬೇಕೇ? ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಇಲ್ಲೇ ದುರಸ್ತಿಯಾಗುತ್ತದೆಯೇ? ಕಂಪನಿಯ ಒಟ್ಟು ಹೊಗೆ ವರ್ಷದಿಂದ ವರ್ಷಕ್ಕೆ ಇಳಿದಿದೆಯೇ? ಉತ್ತರ ಕೊಡದ ಕಂಪನಿಯ ಸರಕನ್ನು ಬಿಟ್ಟು ಉತ್ತರ ಕೊಟ್ಟವರದ್ದನ್ನು ಕೊಳ್ಳಲಿ. ಹಾಗೆ ಮಾಡಿದ್ದೇಕೆ ಎಂದು ಇಬ್ಬರಿಗೂ ಬರೆದು ತಿಳಿಸಲಿ.