ಬಾಯಾರಿಕೆ ಹೇಳದ್ದನ್ನು ರಕ್ತನಾಳ ಹೇಳುವುದು

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ಮನುಷ್ಯರಿಗೆ ಚಿಕಿತ್ಸೆ ನೀಡುವ ನಾವು ಕುದುರೆಯ ವಿಷಯವನ್ನೇಕೆ ಆರಿಸಿಕೊಂಡೆವೆಂದು ತಮಗೆ ಆಶ್ಚರ್ಯವಾಗಬಹುದು. ರಕ್ತಪರಿಚಲನೆಯ ವಿಜ್ಞಾನವು ಕುದುರೆಗೆ ಋಣಿಯಾಗಿದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಅವರು ಹೆಣ್ಣುಕುದುರೆಯೊಂದರ ಅಪಧಮನಿಗೆ ಕೊಳವೆ ಜೋಡಿಸಿ, ರಕ್ತವು 8 ಅಡಿಗೂ ಮೇಲೇರಿದುದನ್ನು ಕಂಡು 1733ರಲ್ಲಿ ಪ್ರಕಟಿಸಿದರು. ಇಂದು ಚರ್ಮವನ್ನು ಕೊಯ್ಯದೆಯೇ, ಅಲ್ಟ್ರಾಸೌಂಡ್ ಯಂತ್ರದಿಂದ ನಾಳದ ಒಳಗನ್ನು ನೋಡಬಹುದಾಗಿದೆ.

500 ಕಿಲೋ ತೂಗುವ ಕುದುರೆಯಲ್ಲಿ ಸುಮಾರು 40 ಲೀಟರ್ ರಕ್ತವಿರುತ್ತದೆ. ಬಿಸಿಲಿನಲ್ಲಿ ಬಹುದೂರ ಓಡುವಾಗ ಗಂಟೆಗೆ 10 ಲೀಟರಿನಷ್ಟು ಬೆವರು ಹರಿಯಬಹುದು. ಹೊಟ್ಟೆಶೂಲೆ ಬಂದಾಗ ಕರುಳಿನಲ್ಲಿ ಅಪಾರ ದ್ರವವು ತಂಗಿ, ರಕ್ತದ ಪ್ರಮಾಣ ಕುಗ್ಗುತ್ತದೆ. ವಿಚಿತ್ರವೆಂದರೆ, ಕುದುರೆಯ ಬೆವರು ಬಹಳ ಉಪ್ಪು. ನೀರಿನೊಡನೆ ಉಪ್ಪೂ ಹೊರಟುಹೋಗುವುದರಿಂದ ರಕ್ತದ ಸಾಂದ್ರತೆ ಹೆಚ್ಚು ಏರುವುದಿಲ್ಲ. ಮೆದುಳಿಗೆ ಬಾಯಾರಿಕೆಯ ಸೂಚನೆ ಸರಿಯಾಗಿ ತಲುಪುವುದಿಲ್ಲ. ಒಡಲು ಒಣಗಿದ್ದರೂ ಕುದುರೆ ನೀರಿನ ತೊಟ್ಟಿಯಿಂದ ಮುಖ ತಿರುಗಿಸಬಹುದು.

ಚರ್ಮವನ್ನು ಚಿವುಟಿ ನೋಡುವುದು, ಒಸಡನ್ನು ಒತ್ತಿ ಬಣ್ಣ ಮರಳುವ ಕಾಲವನ್ನು ಎಣಿಸುವುದು ಹಳೆಯ ಕ್ರಮಗಳು. ಅಲ್ಪ ಪ್ರಮಾಣದ ಕೊರತೆಯನ್ನು ಅವು ತೋರಿಸಲಾರವು. ಆದುದರಿಂದ ಕೊರಳಿನ ದೊಡ್ಡ ಅಭಿಧಮನಿಯನ್ನು ಅಲ್ಟ್ರಾಸೌಂಡಿನಲ್ಲಿ ನೋಡುವ ಕ್ರಮ ಬಂದಿದೆ. ಅಭಿಧಮನಿಯ ಗೋಡೆ ತೆಳುವಾದುದು. ತುಂಬಿದಾಗ ದುಂಡಗಾಗುತ್ತದೆ, ಬರಿದಾದಾಗ ಚಪ್ಪಟೆಯಾಗುತ್ತದೆ. ಅದರ ಅಡ್ಡಳತೆಯನ್ನು ಗುರುತಿಸಿಕೊಂಡು, ಡ್ರಿಪ್ ಕೊಟ್ಟ ಬಳಿಕ ಮತ್ತೆ ಅಳೆದರೆ ನಾಳವು ತುಂಬುತ್ತಿದೆಯೇ ಎಂಬುದು ತಿಳಿಯುತ್ತದೆ.

ಇಲ್ಲಿ ಎಚ್ಚರವೂ ಬೇಕು. ಕುದುರೆ ತಲೆಯೆತ್ತಿದರೆ ಕೊರಳಿನ ನಾಳ ಬರಿದಾಗುತ್ತದೆ, ತಗ್ಗಿಸಿದರೆ ತುಂಬುತ್ತದೆ. ಉಪಕರಣವನ್ನು ಕೊಂಚ ಒತ್ತಿದರೂ ನಾಳ ಚಪ್ಪಟೆಯಾಗುತ್ತದೆ. ಹೃದಯ ಸೋತಿದ್ದರೆ ನಾಳ ಉಬ್ಬಿಯೇ ಇರುತ್ತದೆ. ಆದ್ದರಿಂದ ಒಂದು ಚಿತ್ರವೇ ತೀರ್ಪಲ್ಲ. ಒಂದೇ ಭಂಗಿಯಲ್ಲಿ ಮತ್ತೆ ಮತ್ತೆ ಅಳೆದು, ನಾಡಿ ಮತ್ತು ರಕ್ತಪರೀಕ್ಷೆಗಳೊಡನೆ ತೂಗಿನೋಡಬೇಕು.

ಮನುಷ್ಯರಲ್ಲಿಯೂ ಇದೇ ತತ್ತ್ವ. ಹೊಟ್ಟೆಯಿಂದ ಹೃದಯಕ್ಕೆ ರಕ್ತ ತರುವ ಮಹಾಭಿಧಮನಿಯನ್ನು ನಾವು ನೋಡುತ್ತೇವೆ. ಅದರ ವ್ಯಾಸ 2.1 ಸೆಂಟಿಮೀಟರಿಗೆ ಮೀರದೆ, ಮೂಗಿನಿಂದ ಜೋರಾಗಿ ಉಸಿರೆಳೆದಾಗ ಅರ್ಧಕ್ಕೂ ಹೆಚ್ಚು ಕುಗ್ಗಿದರೆ, ಹೃದಯದ ಬಲಭಾಗದ ಒತ್ತಡ ಹೆಚ್ಚಿಲ್ಲವೆಂದು ತಿಳಿಯುತ್ತೇವೆ.

ಕುದುರೆಯಿಂದ ನಾವು ಕಲಿಯಬೇಕಾದ ಪಾಠವೆಂದರೆ, ಬಾಯಾರಿಕೆಯನ್ನೇ ನೆಚ್ಚಿಕೊಳ್ಳಬಾರದೆಂಬುದು. ಕಾರಣ ಬೇರೆಯಾದರೂ, ವಯಸ್ಸಾದವರಲ್ಲಿಯೂ ಬಾಯಾರಿಕೆಯ ಅರಿವು ಕುಂದುತ್ತದೆ. ಊರಿನಿಂದ ನಮ್ಮ ಮನೆಗಳಿಗೆ ಬರುವ ತಂದೆತಾಯಿಗಳು, ಜ್ವರವೋ ಭೇದಿಯೋ ಇರುವಾಗಲೂ, "ನನಗೆ ನೀರು ಬೇಡಪ್ಪಾ" ಎನ್ನುವುದುಂಟು. ಆ ಮಾತನ್ನು ಕೇಳಿ ಸುಮ್ಮನಾಗಬಾರದು. ಎದ್ದು ನಿಂತಾಗ ತಲೆಸುತ್ತು, ಮೂತ್ರ ಕಡಿಮೆಯಾಗುವುದು, ಮಂಕುಕವಿದಂತಿರುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಹೆಚ್ಚು ನೀರೂ ಅಪಾಯವಾದೀತು. ಅಂಥವರಿಗೆ ಎಷ್ಟು ನೀರು ತಕ್ಕುದೆಂಬುದನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.