ಹಾವಿನ ಮೊಟ್ಟೆಯೂ ತೇವದ ಹದವೂ

ನಮ್ಮ ಬೇಸಾಯಗಾರರ ಬಾಯಲ್ಲಿ 'ಹದ' ಎಂಬ ಎರಡಕ್ಷರದ ಮಾತೊಂದಿದೆ. ಮಣ್ಣು ಒಣಗಿದ್ದರೆ ಬೀಜ ಮೊಳೆಯದು. ನೀರು ನಿಂತರೆ ಕೊಳೆತುಹೋಗುವುದು. ಇವೆರಡರ ನಡುವಣ ಸ್ಥಿತಿಯೇ ಹದ. ಬೀಜಕ್ಕೆ ಬೇಕಾದ ಈ ಹದವು ಕೆಲವು ಪ್ರಾಣಿಗಳ ಮೊಟ್ಟೆಗೂ ಬೇಕು. ಹಾವಿನ ಮೊಟ್ಟೆ ಅಂತಹವುಗಳಲ್ಲಿ ಒಂದು. ಅಮೆರಿಕ ಮತ್ತು ಯುರೋಪು ಖಂಡದ ದೇಶಗಳಲ್ಲಿ ವಿಷವಿಲ್ಲದ ಹಾವುಗಳನ್ನು ಮನೆಯಲ್ಲಿ ಸಾಕಿ, ಅವುಗಳ ಮೊಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮರಿಮಾಡಿಸುವವರು ಅನೇಕರಿದ್ದಾರೆ. ಅವರು ಅನುಸರಿಸುವ ಕ್ರಮದಲ್ಲಿ ವಿದ್ಯಾರ್ಥಿಗಳು ತಿಳಿಯತಕ್ಕ ವಿಜ್ಞಾನ ಬಹಳಷ್ಟಿದೆ.

ಮೊದಲು ಒಂದು ಮಾತು. ಎಲ್ಲ ಹಾವುಗಳೂ ಮೊಟ್ಟೆಯಿಡುವುದಿಲ್ಲ. ಕೊಳಕುಮಂಡಲ, ಹಸಿರುಹಾವು ಮುಂತಾದವು ಮರಿಗಳನ್ನೇ ಈಯುತ್ತವೆ. ನಾಗರಹಾವು, ಕೇರೆ, ಹೆಬ್ಬಾವು, ಕಾಳಿಂಗ ಇವು ಮೊಟ್ಟೆಯಿಡುವ ಜಾತಿಯವು.

ಕೋಳಿಮೊಟ್ಟೆಯೊಡನೆ ಹೋಲಿಸಿದರೆ ವಿಷಯ ಸುಲಭವಾಗಿ ತಿಳಿಯುವುದು. ಕೋಳಿಮೊಟ್ಟೆಯ ಚಿಪ್ಪು ಸುಣ್ಣದಿಂದಾದ ಗಟ್ಟಿ ಗೋಡೆ. ಒಳಗಿನ ಮರಿಗೆ ಬೇಕಾದ ನೀರೆಲ್ಲವೂ ಮೊದಲೇ ಒಳಗಿರುತ್ತದೆ. ಕಾವು ಕೂತ 21 ದಿನಗಳಲ್ಲಿ ಅದು ತನ್ನ ತೂಕದಲ್ಲಿ ಶೇಕಡಾ 12ರಷ್ಟನ್ನು ಆವಿಯ ರೂಪದಲ್ಲಿ ಕಳೆದುಕೊಳ್ಳುವುದು. ಹಾವಿನ ಮೊಟ್ಟೆಯ ಚಿಪ್ಪಾದರೋ ತೊಗಲಿನಂತೆ ಮೆತ್ತಗಿರುವುದು. ಅದರಲ್ಲಿ ಸುಣ್ಣದ ಅಂಶ ಕಡಮೆ. ಅದರ ಮೂಲಕ ನೀರು ಒಳಕ್ಕೂ ಬರಬಲ್ಲದು, ಹೊರಕ್ಕೂ ಹೋಗಬಲ್ಲದು. ಸುತ್ತಲೂ ತಕ್ಕ ತೇವವಿದ್ದರೆ ಮೊಟ್ಟೆ ನೀರನ್ನು ಹೀರಿಕೊಂಡು ಉಬ್ಬುತ್ತದೆ, ತೂಕವೂ ಹೆಚ್ಚುತ್ತದೆ. ಸುತ್ತಲೂ ಒಣಗಿದ್ದರೆ ಒಳಗಿನ ನೀರು ಹೊರಕ್ಕೆ ಸೋರಿ, ಮೊಟ್ಟೆ ಗುಳಿಬಿದ್ದು ಸುಕ್ಕಾಗುತ್ತದೆ. ಹಾಗೆಂದು ಅದನ್ನು ನೀರಿನಲ್ಲಿ ಅದ್ದಿಡಬಹುದೇ? ಕೂಡದು. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕವೇ ಒಳಗಿನ ಭ್ರೂಣವು ಉಸಿರಾಡುವುದು. ಅವುಗಳ ಮೇಲೆ ನೀರಿನ ಪೊರೆ ಕಟ್ಟಿದರೆ ಆಮ್ಲಜನಕ ಒಳಗೆ ಹೋಗದೆ ಮರಿ ಉಸಿರುಕಟ್ಟಿ ಸಾಯುವುದು.

ಇದನ್ನು ನೀವು ಹೆಸರುಕಾಳಿನಲ್ಲಿ ಪರೀಕ್ಷಿಸಿ ನೋಡಬಹುದು. ಒಂದು ಬಟ್ಟಲಿನಲ್ಲಿ ಒಣ ಕಾಳು, ಇನ್ನೊಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಾಳು, ಮೂರನೆಯದರಲ್ಲಿ ನೀರಿನಲ್ಲಿ ಪೂರ್ತಿ ಮುಳುಗಿದ ಕಾಳು ಇಡಿರಿ. ಕೆಲವು ದಿನಗಳಲ್ಲಿ ಚೆನ್ನಾಗಿ ಮೊಳೆತು ಬೆಳೆಯುವುದು ನಡುವಿನದು ಮಾತ್ರ. ಒಣಗಿದುದಕ್ಕೆ ನೀರಿಲ್ಲ, ಮುಳುಗಿದುದಕ್ಕೆ ಗಾಳಿ ಸಾಲದು.

ಇನ್ನು ಪೆಟ್ಟಿಗೆಯ ಕ್ರಮವನ್ನು ನೋಡೋಣ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವ. ಹೆದರಿದಾಗ ಚೆಂಡಿನಂತೆ ಸುರುಳಿಯಾಗುವುದರಿಂದ ಅದಕ್ಕೆ ಈ ಹೆಸರು. ಅದರ ಮೊಟ್ಟೆಗಳಿಗೆ 31ರಿಂದ 32 ಡಿಗ್ರಿ ಸೆಂಟಿಗ್ರೇಡ್ ಉಷ್ಣವೂ, ಶೇಕಡಾ 90ಕ್ಕೆ ಮೇಲ್ಪಟ್ಟ ಆರ್ದ್ರತೆಯುಳ್ಳ ಗಾಳಿಯೂ ಬೇಕು. ಮರಿಯಾಗಲು ಸುಮಾರು 55ರಿಂದ 60 ದಿನಗಳು ಹಿಡಿಯುವುವು. ಮುಚ್ಚಳವುಳ್ಳ ಪೆಟ್ಟಿಗೆಯಲ್ಲಿ ವರ್ಮಿಕ್ಯುಲೈಟ್ ಎಂಬ ಖನಿಜದ ಪುಡಿಯನ್ನು ಹರಡುತ್ತಾರೆ. ಇದು ಅಭ್ರಕದಂತೆ ಪದರಪದರವಾಗಿದ್ದು, ಕಾಸಿದಾಗ ಅರಳಿನಂತೆ ಉಬ್ಬುವ ವಸ್ತು. ನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವುದು. ಪುಡಿಯ ತೂಕದಷ್ಟೇ ನೀರನ್ನು ಕಲಸುವುದು ವಾಡಿಕೆ. ಹದವನ್ನು ಅರಿಯಲು ಕೈಯೇ ತಕ್ಕಡಿ: ಒಂದು ಹಿಡಿಯನ್ನು ಹಿಂಡಿದರೆ ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಕೆಲವರು ಮೊಟ್ಟೆಗಳನ್ನು ನೀರಿನ ಮೇಲೆ ಜಾಲರಿಯೊಂದರಲ್ಲಿ ಇಡುವುದೂ ಉಂಟು. ಆಗ ಮೊಟ್ಟೆಗೆ ತೇವವುಳ್ಳ ಗಾಳಿ ತಾಗುವುದೇ ಹೊರತು ನೀರು ತಾಗುವುದಿಲ್ಲ.

ಮೊಟ್ಟೆಯಿಟ್ಟ ಬಳಿಕ ತೇವ ಎಷ್ಟು ಕುಂದಿತೆಂದು ತಿಳಿಯುವುದು ಹೇಗೆ? ಉಪಾಯ ಸರಳ. ಮೊದಲ ದಿನವೇ ಪೆಟ್ಟಿಗೆಯನ್ನು ಮೊಟ್ಟೆಸಹಿತ ತೂಗಿ ಬರೆದಿಡುವುದು. ಪುಡಿಯಲ್ಲಿದ್ದ ನೀರು ಮೊಟ್ಟೆಯೊಳಗೆ ಹೋದರೆ ಒಟ್ಟು ತೂಕ ಬದಲಾಗದು. ಆವಿಯಾಗಿ ಪೆಟ್ಟಿಗೆಯನ್ನು ಬಿಟ್ಟುಹೋದರೆ ಮಾತ್ರ ತೂಕ ಇಳಿಯುವುದು. 20 ಗ್ರಾಂ ಇಳಿದಿದ್ದರೆ 20 ಗ್ರಾಂ ನೀರು ನಷ್ಟವಾಯಿತೆಂದು ಸ್ಥೂಲವಾಗಿ ಎಣಿಸಬಹುದು. ಅಷ್ಟನ್ನೇ, ಪೆಟ್ಟಿಗೆಯ ಉಷ್ಣಕ್ಕೆ ಸರಿಯಾದ ಉಗುರುಬೆಚ್ಚಗಿನ ನೀರಾಗಿ, ಮೊಟ್ಟೆಗೆ ತಾಗದಂತೆ ಅಂಚಿನಲ್ಲಿ ಸುರಿಯಬೇಕು.

ಮುಚ್ಚಳವು ಒಳಗಿನ ಗಾಳಿಗಿಂತ ತಣ್ಣಗಿದ್ದರೆ ಆವಿ ಅಲ್ಲಿ ಹನಿಗಟ್ಟಿ ಮೊಟ್ಟೆಗಳ ಮೇಲೆ ಬೀಳುವುದು. ಆದುದರಿಂದ ಮುಚ್ಚಳವನ್ನು ಓರೆಯಾಗಿಟ್ಟು ಹನಿಗಳು ಪಕ್ಕಕ್ಕೆ ಹರಿಯುವಂತೆ ಮಾಡುತ್ತಾರೆ. ವಾರಕ್ಕೊಮ್ಮೆ ತೆರೆದು ಹೊಸ ಗಾಳಿ ಬಿಡುತ್ತಾರೆ. ಮರಿ ಬೆಳೆದಂತೆ ಅದರ ಗಾಳಿಯ ಅಗತ್ಯವೂ ಬೆಳೆಯುತ್ತದೆ. ಬೂಷ್ಟು ಹಿಡಿದ ಮೊಟ್ಟೆಯೆಲ್ಲ ಸತ್ತದ್ದೆಂದು ಎಸೆಯಬಾರದು. ಕತ್ತಲೆಯಲ್ಲಿ ಹಿಂದಿನಿಂದ ದೀಪ ಹಿಡಿದಾಗ ಕೆಂಪು ರಕ್ತನಾಳಗಳು ಕಂಡರೆ ಅದರಲ್ಲಿ ಜೀವವಿದೆ. ಆರಂಭದಲ್ಲಿ ಮೊಟ್ಟೆ ಗುಳಿಬಿದ್ದರೆ ತೇವ ಸಾಲದೆಂದು ಅರ್ಥ. ಕೊನೆಯ ಒಂದೆರಡು ವಾರಗಳಲ್ಲಿ ಬಿದ್ದರೆ ಅದು ಸಹಜ. ಒಂದೇ ಲಕ್ಷಣಕ್ಕೆ ಕಾಲಭೇದದಿಂದ ಅರ್ಥಭೇದ.

ತಾಯಿಹಾವುಗಳಿಗೆ ತಕ್ಕಡಿಯಿಲ್ಲ; ಆದರೂ ಹದ ತಿಳಿದಿದೆ. ತಾಯಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತುವರಿದು ಮಲಗುವುದು. ಅದು ಮೈಯನ್ನು ಬೆಚ್ಚಗಾಗಿಸಿಕೊಳ್ಳುವುದನ್ನು 1841ರಲ್ಲಿಯೇ ಪ್ಯಾರಿಸಿನಲ್ಲಿ ವಾಲಾಂಸಿಯೆನ್ ಎಂಬ ವಿಜ್ಞಾನಿ ಉಷ್ಣಮಾಪಕದಿಂದ ಅಳೆದು ತೋರಿಸಿದನು. ಆ ಸುರುಳಿಯಿಂದ ಮೊಟ್ಟೆಯ ನೀರೂ ಉಳಿಯುತ್ತದೆಂದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಆಸ್ಟ್ರೇಲಿಯದ ಒಂದು ಸಣ್ಣ ಹೆಬ್ಬಾವು ಆಗಾಗ ಸುರುಳಿಯನ್ನು ಸಡಿಲಿಸಿ ಮೊಟ್ಟೆಗಳಿಗೆ ಗಾಳಿ ಬಿಡುವುದಂತೆ. ಬಿಗಿದರೆ ನೀರು, ಸಡಿಲಿಸಿದರೆ ಗಾಳಿ! ನಮ್ಮ ಪಶ್ಚಿಮ ಘಟ್ಟಗಳ ಕಾಳಿಂಗಸರ್ಪವು ತರಗೆಲೆಗಳನ್ನು ಮೈಯಿಂದ ಒಟ್ಟುಗೂಡಿಸಿ ಗೂಡು ಕಟ್ಟಿ, ಅದರೊಳಗೆ ಮೊಟ್ಟೆಯಿಡುವುದು. ಬಿರುಮಳೆಯಲ್ಲಿ ಮೇಲಿನ ಎಲೆಗಳು ನೀರನ್ನು ಹೊರಕ್ಕೆ ಜಾರಿಸುವುವು. ಒಳಗಿನ ಎಲೆಗಳು ತೇವವನ್ನು ಉಳಿಸುವುವು. ಈ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ವಿಜ್ಞಾನಿಗಳು ಪ್ರತ್ಯೇಕ ಜಾತಿಯೆಂದು ಹೆಸರಿಡುವಾಗ 'ಕಾಳಿಂಗ' ಎಂಬ ನಮ್ಮ ಕನ್ನಡದ ಮಾತನ್ನೇ ಆರಿಸಿಕೊಂಡರೆಂಬುದು ಸಂತೋಷದ ಸಂಗತಿ.

ಇದನ್ನೋದಿ ಯಾರೂ ಹಾವು ಸಾಕುವ ಹಂಬಲಕ್ಕೆ ಬೀಳತಕ್ಕದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಹಾವುಗಳನ್ನು ಹಿಡಿದಿಡುವುದೂ ಅವುಗಳ ಮೊಟ್ಟೆಗಳನ್ನು ಕೆಡಿಸುವುದೂ ಅಪರಾಧ. ಆದರೆ ನಮ್ಮ ಕಾಸರಗೋಡಿನ ಕಡೆ ಅಡಕೆ ತೋಟದ ತರಗೆಲೆ ರಾಶಿಯಲ್ಲಿ, ಹಟ್ಟಿಗೊಬ್ಬರದಲ್ಲಿ, ಕಲ್ಲುಕಟ್ಟೆಯ ಸಂದಿನಲ್ಲಿ ಇಂತಹ ಮೊಟ್ಟೆಗಳು ಕಾಣಸಿಗುವುದುಂಟು. ಆಗ ಮಕ್ಕಳು ಮುಟ್ಟಕೂಡದು. ತಾಯಿ ಸಮೀಪದಲ್ಲೇ ಇರಬಹುದು. ನಾಗರಹಾವಿನ ಮರಿಗೆ ಹುಟ್ಟಿನಿಂದಲೇ ವಿಷವಿರುತ್ತದೆ. ದೂರ ಸರಿದು ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸಬೇಕು. ಹಿರಿಯರೂ ಅವುಗಳನ್ನು ಹೊರಳಿಸಬಾರದು, ತೊಳೆಯಬಾರದು, ಬಿಸಿಲಿಗೆ ಹಾಕಬಾರದು. ಕೋಳಿ ತನ್ನ ಮೊಟ್ಟೆಗಳನ್ನು ಹೊರಳಿಸುತ್ತಿರುವುದು. ಹಾವಿನ ಭ್ರೂಣವಾದರೋ ಮೊದಲ ದಿನಗಳಲ್ಲೇ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುವುದರಿಂದ, ಬಳಿಕ ಮೊಟ್ಟೆಯನ್ನು ಮಗುಚಿದರೆ ಅದು ಸಾಯಬಹುದು.

ಕೇರೆಹಾವು ಗದ್ದೆಯ ಇಲಿಗಳನ್ನು ತಿಂದು ನಮ್ಮ ಬತ್ತವನ್ನು ಕಾಯುವ ಜೀವಿ. ಅದರ ಮೊಟ್ಟೆಯನ್ನು ಹೆದರಿಕೆಯಿಂದ ಜಜ್ಜುವವನೂ, ಕುತೂಹಲದಿಂದ ಕೆದಕುವವನೂ ಒಂದೇ ನಷ್ಟವನ್ನು ಮಾಡುತ್ತಾರೆ. ತಿಳಿದು ದೂರ ನಿಲ್ಲುವುದೇ ಇಲ್ಲಿ ನಮ್ಮ ಪಾಲಿನ ಹದ.